ಆಸ್ಟ್ರೇಲಿಯದ ಇಂಗಾಲ ಬೆಲೆ: ತೆತ್ತವರು ಯಾರು, ಹೊತ್ತವರು ಯಾರು?

2012ರ ಜುಲೈ 1ರಂದು ಆಸ್ಟ್ರೇಲಿಯದಲ್ಲಿ ವಾತಾವರಣಕ್ಕೆ ಬಿಡುವ ಪ್ರತಿ ಟನ್ ಇಂಗಾಲದ ಡೈ ಆಕ್ಸೈಡಿಗೆ 23 ಡಾಲರುಗಳ ಬೆಲೆ ಜಾರಿಗೆ ಬಂತು. (ಈ ಲೇಖನದಲ್ಲಿ ಡಾಲರ್ ಎಂದರೆ ಆಸ್ಟ್ರೇಲಿಯದ ಡಾಲರ್.) ಎರಡು ವರ್ಷಗಳ ತರುವಾಯ, 2014ರ ಜುಲೈ 17ರಂದು, ಅಲ್ಲಿನ ಸೆನೆಟ್ 39–32 ಮತಗಳಿಂದ ಆ ಶಾಸನವನ್ನು ರದ್ದುಗೊಳಿಸಿತು. ಇಂಗಾಲದ ಹೊರಸೂಸುವಿಕೆಗೆ ರಾಷ್ಟ್ರಮಟ್ಟದಲ್ಲಿ ಬೆಲೆ ಕಟ್ಟಿ, ಅದನ್ನು ಜಾರಿಗೆ ತಂದು, ಅನಂತರ ಹಿಂತೆಗೆದುಕೊಂಡ ಈ ಪ್ರಸಂಗ ಇಂದಿಗೂ ಅರ್ಥಶಾಸ್ತ್ರಜ್ಞರಿಗೂ ರಾಜಕಾರಣಿಗಳಿಗೂ ಅಧ್ಯಯನದ ವಸ್ತುವಾಗಿದೆ. ಆ ಚರ್ಚೆಯಲ್ಲಿ ಪದೇಪದೇ ಕೇಳಿಬಂದ ಹೆಸರುಗಳು ಗಣಿ, ಉಕ್ಕು, ಅಲ್ಯೂಮಿನಿಯಂ ಮತ್ತು ವಿದ್ಯುತ್ ಕಂಪನಿಗಳದು. ಎರಕದ ಕಾರ್ಖಾನೆ, ಬೇಕರಿ, ಶೈತ್ಯಾಗಾರ, ಮಾಂಸದಂಗಡಿಗಳ ಹೆಸರು ಕೇಳಿಬಂದದ್ದು ಭಾಷಣದ ಅಲಂಕಾರಕ್ಕಾಗಿ ಮಾತ್ರ. ಶಾಸನದ ಪ್ರಕಾರ ಅವರು ಒಂದು ಡಾಲರನ್ನೂ ತೆರಬೇಕಾಗಿರಲಿಲ್ಲ. ಆದರೂ ಅವರ ಲೆಕ್ಕದ ಪುಸ್ತಕಗಳಲ್ಲಿ ಆ 23 ಡಾಲರ್ ಬಂದು ಕುಳಿತಿತು. ಅದು ಹೇಗೆ ಬಂತು, ಎಷ್ಟು ಬಂತು, ರದ್ದಾದ ಮೇಲೆ ನಿಜಕ್ಕೂ ಹೋಯಿತೇ ಎಂಬುದನ್ನು ಸಣ್ಣ ಉದ್ದಿಮೆದಾರರ ದೃಷ್ಟಿಯಿಂದ ಪರಿಶೀಲಿಸುವುದು ಉಪಯುಕ್ತ.

ಬೆಲೆ ಕಟ್ಟುವ ಎರಡು ಮಾರ್ಗಗಳು

ಇಂಗಾಲಕ್ಕೆ ಬೆಲೆ ಕಟ್ಟಲು ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು ನೇರ ತೆರಿಗೆ. ಸರ್ಕಾರ ಪ್ರತಿ ಟನ್ನಿಗೆ ಇಷ್ಟು ಎಂದು ನಿಗದಿ ಮಾಡುತ್ತದೆ. ಎಷ್ಟು ಟನ್ ಕಡಿಮೆಯಾಗುತ್ತದೆ ಎಂಬುದು ಉದ್ದಿಮೆಗಳ ಪ್ರತಿಕ್ರಿಯೆಗೆ ಬಿಟ್ಟ ವಿಷಯ. ಎರಡನೆಯದು ಪರವಾನಗಿಗಳ ವಹಿವಾಟು. ಇಲ್ಲಿ ಸರ್ಕಾರ ಒಟ್ಟು ಎಷ್ಟು ಟನ್ ಹೊರಬಿಡಬಹುದು ಎಂಬ ಮಿತಿಯನ್ನು ಹೇರಿ ಅಷ್ಟೇ ಸಂಖ್ಯೆಯ ಪರವಾನಗಿಗಳನ್ನು ಹೊರಡಿಸುತ್ತದೆ. ಅವುಗಳ ಬೆಲೆ ಪೇಟೆಯಲ್ಲಿ ನಿರ್ಧಾರವಾಗುತ್ತದೆ. ಮೊದಲನೆಯದರಲ್ಲಿ ದರ ಖಚಿತ, ಪ್ರಮಾಣ ಅನಿಶ್ಚಿತ. ಎರಡನೆಯದರಲ್ಲಿ ಪ್ರಮಾಣ ಖಚಿತ, ದರ ಅನಿಶ್ಚಿತ. ಮುಂದಿನ ವರ್ಷದ ಉತ್ಪಾದನಾ ವೆಚ್ಚವನ್ನು ಇಂದೇ ಅಂದಾಜು ಮಾಡಿ ಆರ್ಡರ್ ಒಪ್ಪಿಕೊಳ್ಳಬೇಕಾದ ಸಣ್ಣ ತಯಾರಕನಿಗೆ ಈ ವ್ಯತ್ಯಾಸ ಸಣ್ಣದಲ್ಲ.

2012ರ ಆಸ್ಟ್ರೇಲಿಯದ ಪದ್ಧತಿ ಇವೆರಡರ ಮಿಶ್ರಣ. ಮೊದಲ ಮೂರು ವರ್ಷ ನಿಗದಿತ ದರ, 2015ರ ಜುಲೈನಿಂದ ಪೇಟೆ ದರ ಎಂದು ಶಾಸನದಲ್ಲಿತ್ತು. ನಿಗದಿತ ದರದ ಅವಧಿಯಲ್ಲಿ ಅದು ತೆರಿಗೆಯಂತೆಯೇ ನಡೆಯುತ್ತದೆ ಎಂಬುದನ್ನು ನಿರಾಕರಿಸುವುದು ಕಷ್ಟ. ಅದರ ರಾಜಕೀಯ ಸಂಕಟವೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಒಪ್ಪಿಗೆಯಿಂದ ಒಡಕಿಗೆ

ಆರಂಭದಲ್ಲಿ ಈ ವಿಷಯದಲ್ಲಿ ಎರಡು ಪ್ರಮುಖ ಪಕ್ಷಗಳ ನಡುವೆ ಹೇಳಿಕೊಳ್ಳುವಂತಹ ಭಿನ್ನಾಭಿಪ್ರಾಯವಿರಲಿಲ್ಲ ಎಂಬುದು ಇಂದು ಹಲವರಿಗೆ ನೆನಪಿಲ್ಲ. ನ್ಯೂ ಸೌತ್ ವೇಲ್ಸ್ ರಾಜ್ಯ 2003ರ ಜನವರಿಯಲ್ಲೇ ವಿದ್ಯುತ್ ಮಾರಾಟಗಾರರಿಗೆ ಕಡ್ಡಾಯ ಯೋಜನೆಯೊಂದನ್ನು ಜಾರಿಗೆ ತಂದಿತ್ತು. ಜಗತ್ತಿನಲ್ಲೇ ಮೊದಲ ಕಡ್ಡಾಯ ಇಂಗಾಲ ವಹಿವಾಟು ಯೋಜನೆಗಳಲ್ಲಿ ಅದೂ ಒಂದು. 2007ರ ಚುನಾವಣೆಯಲ್ಲಿ ಲಿಬರಲ್ ಪಕ್ಷದ ಪ್ರಧಾನಿ ಜಾನ್ ಹೋವರ್ಡ್ ಅವರೂ ಲೇಬರ್ ನಾಯಕ ಕೆವಿನ್ ರಡ್ ಅವರೂ ಪರವಾನಗಿ ವಹಿವಾಟು ಪದ್ಧತಿಯ ಭರವಸೆಯನ್ನೇ ನೀಡಿದ್ದರು. ರಡ್ ಗೆದ್ದರು, ಕ್ಯೋಟೋ ಒಪ್ಪಂದವನ್ನು ಅನುಮೋದಿಸಿದರು. ಅರ್ಥಶಾಸ್ತ್ರಜ್ಞ ರಾಸ್ ಗಾರ್ನೋ ಅವರ ವಿಸ್ತೃತ ವರದಿ 2008ರ ಸೆಪ್ಟೆಂಬರಿನಲ್ಲಿ ಹೊರಬಂತು.

ಆನಂತರ ರಡ್ ಸರ್ಕಾರದ ಮಸೂದೆ ಸೆನೆಟ್‌ನಲ್ಲಿ ಎರಡು ಬಾರಿ, 2009ರ ಆಗಸ್ಟ್ ಮತ್ತು ಡಿಸೆಂಬರಿನಲ್ಲಿ, ಬಿದ್ದುಹೋಯಿತು. ಎರಡನೆಯ ಬಾರಿ ಅದು ಬಿದ್ದ ರೀತಿ ಗಮನಾರ್ಹ. ವಿರೋಧ ಪಕ್ಷದ ನಾಯಕ ಮಾಲ್ಕಂ ಟರ್ನ್‌ಬುಲ್ ಸರ್ಕಾರದೊಡನೆ ಮಾತುಕತೆ ನಡೆಸಿ ಬೆಂಬಲಕ್ಕೆ ಒಪ್ಪಿದ್ದರು. ಪಕ್ಷದಲ್ಲಿ ದಂಗೆಯೆದ್ದು, ಡಿಸೆಂಬರ್ 1ರಂದು ಟೋನಿ ಅಬಟ್ ಅವರು 42–41ರಂತೆ ಒಂದೇ ಒಂದು ಮತದ ಅಂತರದಿಂದ ಅವರ ಸ್ಥಾನಕ್ಕೆ ಬಂದರು. ಮರುದಿನವೇ ಮಸೂದೆ 41–33ರಲ್ಲಿ ಸೋತಿತು. ಇಬ್ಬರು ಲಿಬರಲ್ ಸದಸ್ಯರು ಸ್ವಪಕ್ಷದ ನಿಲುವನ್ನು ಮೀರಿ ಸರ್ಕಾರದ ಪರ ಮತ ನೀಡಿದ್ದರು. ಆದರೆ ಗುರಿ ತೀರಾ ಕಡಿಮೆ, ಮಾಲಿನ್ಯಕಾರರಿಗೆ ಕೊಟ್ಟ ರಿಯಾಯಿತಿ ತೀರಾ ಹೆಚ್ಚು ಎಂದು ಐವರು ಗ್ರೀನ್ಸ್ ಸದಸ್ಯರೂ ವಿರುದ್ಧ ಮತ ಹಾಕಿದರು. ಆ ಐದು ಮತಗಳು ಇತ್ತ ಬಂದಿದ್ದರೆ ಲೆಕ್ಕ 38–36 ಆಗುತ್ತಿತ್ತು. ಹೆಚ್ಚು ಬೇಕೆಂದವರೂ ಏನೂ ಬೇಡವೆಂದವರೂ ಒಂದೇ ಸಾಲಿನಲ್ಲಿ ಕುಳಿತ ಆ ದಿನದ ಬಗ್ಗೆ ಲೇಬರ್ ಮತ್ತು ಗ್ರೀನ್ಸ್ ಪಕ್ಷಗಳು ಇಂದಿಗೂ ಪರಸ್ಪರ ದೂಷಿಸುತ್ತಿವೆ.

2010ರ ಏಪ್ರಿಲ್‌ನಲ್ಲಿ ರಡ್ ಯೋಜನೆಯನ್ನು ಮುಂದೂಡಿದರು. ಜೂನ್‌ನಲ್ಲಿ ಪ್ರಧಾನಿ ಪದವಿಯನ್ನೇ ಕಳೆದುಕೊಂಡರು. ಅವರ ಸ್ಥಾನಕ್ಕೆ ಬಂದ ಜೂಲಿಯಾ ಗಿಲ್ಲಾರ್ಡ್, ತಮ್ಮ ಸರ್ಕಾರದಲ್ಲಿ ಇಂಗಾಲ ತೆರಿಗೆ ಇರುವುದಿಲ್ಲ ಎಂದು ಚುನಾವಣೆಗೆ ಮುನ್ನ ಹೇಳಿದರು. ಆಗಸ್ಟ್ ಚುನಾವಣೆಯಲ್ಲಿ ಎರಡೂ ಬಣಗಳಿಗೆ 72–72 ಸ್ಥಾನ ಬಂದು, ಗ್ರೀನ್ಸ್ ಮತ್ತು ಮೂವರು ಪಕ್ಷೇತರರ ಬೆಂಬಲದಿಂದ ಸರ್ಕಾರ ರಚಿಸಬೇಕಾಯಿತು. ಬೆಂಬಲದ ಬೆಲೆಯೇ ಇಂಗಾಲದ ಬೆಲೆಯಾಯಿತು. 2011ರ ಫೆಬ್ರವರಿಯಲ್ಲಿ ಯೋಜನೆಯನ್ನು ಪ್ರಕಟಿಸಿದ ಗಿಲ್ಲಾರ್ಡ್, ನಿಗದಿತ ದರದ ಅವಧಿಯನ್ನು ತೆರಿಗೆಯಂತಹುದೇ ಎಂದು ಕರೆಯಬಹುದೆಂದು ದೂರದರ್ಶನ ಸಂದರ್ಶನದಲ್ಲಿ ಒಪ್ಪಿಕೊಂಡರು. ಪ್ರಾಮಾಣಿಕ ಉತ್ತರವೇ ಸರಿ. ಆದರೆ ಆ ಒಂದು ಪದದಿಂದ ಅವರ ಸರ್ಕಾರಕ್ಕೆ ಮತ್ತೆ ಬಿಡುಗಡೆ ಸಿಗಲಿಲ್ಲ. ವಿಪರ್ಯಾಸವೆಂದರೆ, ಇಂಗಾಲಕ್ಕೆ ಬೆಲೆ ಕಟ್ಟಲೇಬೇಕೆಂದರೆ ಸರಳವಾದ ತೆರಿಗೆಯನ್ನೇ ಏಕೆ ಹಾಕಬಾರದು ಎಂದು 2009ರಲ್ಲಿ ಕೇಳಿದ್ದವರು ಇದೇ ಅಬಟ್. ಅವರ ಮುಖ್ಯ ಸಲಹೆಗಾರ್ತಿಯಾಗಿದ್ದ ಪೀಟಾ ಕ್ರೆಡ್ಲಿನ್ ಅವರು 2017ರಲ್ಲಿ, ಅದು ವಾಸ್ತವವಾಗಿ ಇಂಗಾಲ ತೆರಿಗೆಯಾಗಿರಲಿಲ್ಲ, ಪರಿಸರದ ಪ್ರಶ್ನೆಯನ್ನು ಜನರ ಜೇಬಿನ ಪ್ರಶ್ನೆಯನ್ನಾಗಿ ತಿರುಗಿಸಿದ್ದು ತಮ್ಮ ಬಣದ ರಾಜಕೀಯ ತಂತ್ರ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಹೇಳಿದರು.

ಶಾಸನ ಪ್ರತಿನಿಧಿ ಸಭೆಯಲ್ಲಿ 74–72, ಸೆನೆಟ್‌ನಲ್ಲಿ 36–32 ಮತಗಳಿಂದ ಅಂಗೀಕಾರವಾಯಿತು.

ಪಟ್ಟಿಯಲ್ಲಿದ್ದವರು, ಪರಿಹಾರ ಪಡೆದವರು

ವರ್ಷಕ್ಕೆ 25,000 ಟನ್‌ಗಿಂತ ಹೆಚ್ಚು ಹಸಿರುಮನೆ ಅನಿಲ ಹೊರಬಿಡುವ ಘಟಕಗಳು ಮಾತ್ರ ಶಾಸನದ ವ್ಯಾಪ್ತಿಗೆ ಬಂದವು. ಕೃಷಿ ಹೊರಗುಳಿಯಿತು, ಸಾಮಾನ್ಯ ವಾಹನಗಳ ಪೆಟ್ರೋಲೂ ಹೊರಗುಳಿಯಿತು. 500 ಅತಿ ದೊಡ್ಡ ಮಾಲಿನ್ಯಕಾರರು ಮಾತ್ರ ತೆರುತ್ತಾರೆ ಎಂದು ಸರ್ಕಾರ ಮೊದಲು ಪ್ರಚಾರ ಮಾಡಿತು. ಪಟ್ಟಿಗೆ ನಿಜವಾಗಿ ಸೇರಿದವರು ಅದಕ್ಕಿಂತಲೂ ಕಡಿಮೆ. ಅಷ್ಟು ಜನರಿಂದಲೇ ದೇಶದ ಹೊರಸೂಸುವಿಕೆಯಲ್ಲಿ ಸುಮಾರು ಶೇ. 60 ಭಾಗ ವ್ಯಾಪ್ತಿಗೆ ಸಿಕ್ಕಿತು.

ಪರಿಹಾರದ ವ್ಯವಸ್ಥೆ ಎರಡು ದಿಕ್ಕಿನಲ್ಲಿತ್ತು. ಒಂದು, ಕುಟುಂಬಗಳಿಗೆ. ಜಾರಿಯಾದ ಮೊದಲ ವರ್ಷದಲ್ಲಿ ಗ್ರಾಹಕ ಬೆಲೆಗಳು ಶೇ. 0.7ರಷ್ಟು ಏರುತ್ತವೆ, ಸರಾಸರಿ ಕುಟುಂಬಕ್ಕೆ ವಾರಕ್ಕೆ 9.90 ಡಾಲರ್ ಹೆಚ್ಚು ಖರ್ಚು ಎಂದು ಖಜಾನೆ ಇಲಾಖೆ ಅಂದಾಜಿಸಿತು. ವಾರಕ್ಕೆ ಸರಾಸರಿ 10.10 ಡಾಲರ್ ನೆರವು ಎಂದು ಸರ್ಕಾರ ಘೋಷಿಸಿತು. ಆದಾಯ ತೆರಿಗೆ ವಿನಾಯಿತಿಯ ಮಿತಿ 6,000 ಡಾಲರ್‌ನಿಂದ 18,200 ಡಾಲರ್‌ಗೆ ಏರಿತು. ಇನ್ನೊಂದು, ಅಂತಾರಾಷ್ಟ್ರೀಯ ಪೈಪೋಟಿಗೆ ಒಡ್ಡಿಕೊಂಡ ಭಾರಿ ಉದ್ದಿಮೆಗಳಿಗೆ. ಹತ್ತು ಲಕ್ಷ ಡಾಲರ್ ವಹಿವಾಟಿಗೆ 2,000 ಟನ್ ಅಥವಾ ಹೆಚ್ಚು ಹೊರಬಿಡುವ ಉತ್ಪಾದನೆಗಳಿಗೆ ಆರಂಭದಲ್ಲಿ ಶೇ. 94.5ರಷ್ಟು, 1,000ದಿಂದ 2,000 ಟನ್ ವರೆಗಿನವುಗಳಿಗೆ ಶೇ. 66ರಷ್ಟು ಪರವಾನಗಿಗಳನ್ನು ಉಚಿತವಾಗಿ ಕೊಡಲಾಯಿತು.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ವರ್ಷಕ್ಕೆ ಹತ್ತು ಲಕ್ಷ ಟನ್ ಹೊರಬಿಡುವ ಲೋಹ ಸಂಸ್ಕರಣಾ ಸ್ಥಾವರವೊಂದನ್ನು ಕಲ್ಪಿಸಿಕೊಂಡರೆ, ಅದರ ಮೇಲಿನ ಹೊರೆ 2.3 ಕೋಟಿ ಡಾಲರ್. ತನ್ನ ಉದ್ಯಮದ ಸರಾಸರಿ ಮಟ್ಟದಲ್ಲೇ ಅದು ಕೆಲಸ ಮಾಡುತ್ತಿದ್ದರೆ 9,45,000 ಪರವಾನಗಿ ಉಚಿತ; ಹಣ ಕೊಟ್ಟು ಕೊಳ್ಳಬೇಕಾದದ್ದು 55,000 ಮಾತ್ರ, ಅಂದರೆ 12.65 ಲಕ್ಷ ಡಾಲರ್. ಉಚಿತ ಪರವಾನಗಿಗಳ ಸಂಖ್ಯೆ ಉತ್ಪಾದನೆಯ ಪ್ರಮಾಣವನ್ನು ಆಧರಿಸಿದ್ದರಿಂದ, ಒಂದು ಟನ್ ಉಳಿಸಿದರೆ 23 ಡಾಲರ್ ಲಾಭ ಎಂಬ ಪ್ರೇರಣೆ ಹಾಗೆಯೇ ಉಳಿಯಿತು. ಆರ್ಥಿಕ ಸೂತ್ರವಾಗಿ ಇದು ಜಾಣತನದ ವ್ಯವಸ್ಥೆ. ದೊಡ್ಡವರಿಗೆ ಪುಕ್ಕಟೆ ಎಂದು ಟೀಕಿಸಿದವರು ಈ ಅಂಶವನ್ನು ಗಮನಿಸಲಿಲ್ಲ. ಸಮರ್ಥಿಸಿದವರು ಸಾಮಾನ್ಯ ಜನರಿಗೆ ತಿಳಿಯುವಂತೆ ವಿವರಿಸಲೂ ಇಲ್ಲ.

ಈ ಎರಡು ದಿಕ್ಕುಗಳ ನಡುವೆ ಉಳಿದದ್ದು ಸಣ್ಣ ಉದ್ದಿಮೆ. ಅದು ಕುಟುಂಬವಲ್ಲ, ಆದ್ದರಿಂದ ತೆರಿಗೆ ವಿನಾಯಿತಿಯ ಲೆಕ್ಕಕ್ಕೆ ಬರಲಿಲ್ಲ. ಭಾರಿ ಹೊರಸೂಸುವಿಕೆಯ ಘಟಕವಲ್ಲ, ಆದ್ದರಿಂದ ಉಚಿತ ಪರವಾನಗಿಗೂ ಅರ್ಹವಲ್ಲ. ಸಣ್ಣ ಉದ್ದಿಮೆಗಳಿಗೆಂದು ದೊರೆತ ಸಾರ್ವತ್ರಿಕ ರಿಯಾಯಿತಿ ಎಂದರೆ, ಉಪಕರಣದ ಖರೀದಿ ವೆಚ್ಚವನ್ನು ಒಂದೇ ವರ್ಷದಲ್ಲಿ ಕಳೆಯಬಹುದಾದ ಮಿತಿಯನ್ನು 5,000 ಡಾಲರ್‌ನಿಂದ 6,500ಕ್ಕೆ ಏರಿಸಿದ್ದು. ಹೊಸ ಯಂತ್ರ ಕೊಳ್ಳುವವನಿಗೆ ಅದು ಅನುಕೂಲ. ಹಳೆಯ ಯಂತ್ರದಲ್ಲೇ ದಿನ ದೂಡುವವನಿಗೆ ಅದರಿಂದ ಏನೂ ಇಲ್ಲ. ತಯಾರಿಕಾ ಘಟಕಗಳ ಇಂಧನ ಮಿತವ್ಯಯಕ್ಕೆ 80 ಕೋಟಿ ಡಾಲರಿನ ಅನುದಾನ ನಿಧಿಯೂ, ಆಹಾರ ಸಂಸ್ಕರಣೆ ಮತ್ತು ಎರಕದ ಕಾರ್ಖಾನೆಗಳಿಗೆ ಪ್ರತ್ಯೇಕವಾಗಿ 20 ಕೋಟಿ ಡಾಲರಿನ ನಿಧಿಯೂ ಇದ್ದವು. ಆದರೆ ಅರ್ಜಿದಾರ ತಾನೂ ಬಂಡವಾಳ ಹೂಡಬೇಕಾಗಿತ್ತು. 2013ರಲ್ಲಿ ಸರ್ಕಾರ ಬದಲಾದ ಮೇಲೆ ಹೊಸ ಅರ್ಜಿಗಳಿಗೆ ಬಾಗಿಲು ಮುಚ್ಚಿತು.

ವಿದ್ಯುತ್ ಬಿಲ್ಲಿನ ಮೂಲಕ ಬಂದ ಬೆಲೆ

ಆಗ ಆಸ್ಟ್ರೇಲಿಯದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತಿತ್ತು. ಸಾವಿರ ಯೂನಿಟ್ ವಿದ್ಯುತ್ ಉತ್ಪಾದಿಸಲು ಕಪ್ಪು ಕಲ್ಲಿದ್ದಲಿನ ಸ್ಥಾವರ ಸುಮಾರು 0.9 ಟನ್, ವಿಕ್ಟೋರಿಯದ ಕಂದು ಕಲ್ಲಿದ್ದಲಿನ ಸ್ಥಾವರ 1.2 ಟನ್‌ಗೂ ಹೆಚ್ಚು ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತದೆ. ಸ್ಥೂಲವಾಗಿ ಒಂದು ಟನ್ ಎಂದಿಟ್ಟುಕೊಂಡರೆ ಯೂನಿಟ್ಟಿಗೆ 2.3 ಸೆಂಟ್. ತಿಂಗಳಿಗೆ ಹತ್ತು ಸಾವಿರ ಯೂನಿಟ್ ಬಳಸುವ ಕಾರ್ಯಾಗಾರಕ್ಕೆ ತಿಂಗಳಿಗೆ 230 ಡಾಲರ್ ಹೆಚ್ಚುವರಿ.

ಎರಕದ ಕಾರ್ಖಾನೆಯ ಲೆಕ್ಕ ಇನ್ನೂ ಬೋಧಪ್ರದ. ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ಅಂದರೆ ಟನ್ನಿಗೆ ಸುಮಾರು 14 ಡಾಲರ್ ಇಂಗಾಲದ ಬೆಲೆ. ನೋಡಲು ಅಲ್ಪ ಮೊತ್ತವೇ. ಆದರೆ ಅದೇ ಎರಕವನ್ನು ಹೊರದೇಶದಿಂದ ತರಿಸಿಕೊಳ್ಳಬಲ್ಲ ಗಿರಾಕಿ ಅದನ್ನು ಕೊಡಲು ಒಪ್ಪುವುದಿಲ್ಲ. ಆಮದಾದ ಎರಕದ ಮೇಲೆ ಆ ಬೆಲೆ ಇರಲಿಲ್ಲ. ಅಲ್ಯೂಮಿನಿಯಂ ಸ್ಥಾವರದ ವಾದವೂ ಇದೇ ಆಗಿತ್ತು, ಅದಕ್ಕೆ ಶೇ. 94.5 ವಿನಾಯಿತಿ ದೊರೆಯಿತು, ಎರಕದವನಿಗೆ ಅನುದಾನದ ಅರ್ಜಿ ನಮೂನೆ ದೊರೆಯಿತು. ಅದೇ ಕಾಲದಲ್ಲಿ ಗಣಿಗಾರಿಕೆಯ ಭರಾಟೆಯಿಂದ ಆಸ್ಟ್ರೇಲಿಯದ ಡಾಲರ್ ಅಮೆರಿಕದ ಡಾಲರಿಗಿಂತ ಮೇಲೇರಿ ನಿಂತಿತ್ತು. ತಯಾರಿಕಾ ರಂಗಕ್ಕೆ ಬಿದ್ದ ದೊಡ್ಡ ಪೆಟ್ಟು ವಿನಿಮಯ ದರದ್ದು. ಆದರೆ ವಿನಿಮಯ ದರದ ಮೇಲೆ ಚುನಾವಣಾ ಘೋಷಣೆ ಕಟ್ಟಲು ಬರುವುದಿಲ್ಲ.

ವಿದ್ಯುತ್ ದರದ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. 2012ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಗೃಹಬಳಕೆಯ ವಿದ್ಯುತ್ ದರ ಶೇ. 15.3 ಏರಿತು. ಖಜಾನೆಯ ಅಂದಾಜಿನಂತೆ ಇಂಗಾಲ ಬೆಲೆಯ ಪಾಲು ಸುಮಾರು ಶೇ. 10, ಉಳಿದದ್ದು ಪ್ರಸರಣ ಮತ್ತು ವಿತರಣಾ ಜಾಲದ ವೆಚ್ಚ. ಹಿಂದಿನ ವರ್ಷಗಳಲ್ಲಿ ವಿದ್ಯುತ್ ದುಬಾರಿಯಾಗುತ್ತ ಬಂದದ್ದೂ ಬಹುಮಟ್ಟಿಗೆ ಈ ಕಂಬ–ತಂತಿಗಳ ವೆಚ್ಚದಿಂದಲೇ. ಆದರೆ ಬಿಲ್ಲಿನಲ್ಲಿ ಹೊಸದಾಗಿ ಕಂಡ ಹೆಸರು ಒಂದೇ.

ದೂಷಣೆಯ ವ್ಯಾಪಾರ

ವರ್ತಕರಿಗೆ ಇಲ್ಲಿ ಒಂದು ಅಡ್ಡದಾರಿ ತೆರೆದುಕೊಂಡಿತ್ತು. ದರ ಏರಿಸುವುದು, ಕಾರಣ ಕೇಳಿದರೆ ತೆರಿಗೆಯನ್ನು ತೋರಿಸುವುದು. ಇದನ್ನು ಊಹಿಸಿದ್ದ ಸರ್ಕಾರ, ಸುಳ್ಳು ಕಾರಣ ನೀಡಿ ಬೆಲೆ ಏರಿಸಿದರೆ ಸ್ಪರ್ಧೆ ಮತ್ತು ಗ್ರಾಹಕ ಆಯೋಗವು ಸಂಸ್ಥೆಗಳಿಗೆ 11 ಲಕ್ಷ ಡಾಲರ್ ವರೆಗೆ ದಂಡ ಕೋರಬಹುದೆಂದು ಎಚ್ಚರಿಸಿತ್ತು. 2012ರ ಜುಲೈನಲ್ಲೇ ಪ್ರಸಿದ್ಧ ಬೇಕರಿ ಸರಣಿಯೊಂದರ ಮುಖ್ಯಸ್ಥರು ತಮ್ಮ ಶಾಖಾದಾರರಿಗೆ, ದರ ಏರಿಸಿ, ದೂರನ್ನು ಇಂಗಾಲ ತೆರಿಗೆ ಹೊತ್ತುಕೊಳ್ಳಲಿ ಎಂಬರ್ಥದ ಸುತ್ತೋಲೆ ಕಳುಹಿಸಿದ್ದು ಬಯಲಾಯಿತು. ಅವರು ಹುದ್ದೆ ಬಿಡಬೇಕಾಯಿತು. ಮಾತೃ ಕಂಪನಿ ಆಯೋಗಕ್ಕೆ ಮುಚ್ಚಳಿಕೆ ಬರೆದುಕೊಟ್ಟಿತು. ಬ್ರೆಡ್ಡಿನ ಬೆಲೆ ಹತ್ತಾರು ಕಾರಣಗಳಿಂದ ಏರಬಹುದು; ಯಾವ ಕಾರಣವೆಂದು ಹೇಳಬೇಕಾದಾಗ ಲೆಕ್ಕಪತ್ರ ಕೈಯಲ್ಲಿರಬೇಕು ಎಂಬುದು ಆ ವರ್ಷ ಅಲ್ಲಿನ ಅಂಗಡಿಕಾರರಿಗೆ ಅನುಭವಕ್ಕೆ ಬಂತು.

ನಿಜವಾದ ಹೊರೆ ಬಿದ್ದದ್ದು ಅಷ್ಟಾಗಿ ಸುದ್ದಿಯಾಗದ ಇನ್ನೊಂದೆಡೆ: ಶೀತಲೀಕರಣದ ಅನಿಲಗಳ ಮೇಲೆ. ಈ ಅನಿಲಗಳು ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರಾರು ಪಟ್ಟು ಹೆಚ್ಚು ಉಷ್ಣವನ್ನು ಹಿಡಿದಿಡುತ್ತವೆ. ಆದ್ದರಿಂದ ಆಮದಿನ ಹಂತದಲ್ಲೇ ಅವುಗಳಿಗೆ ಸಮಾನ ಇಂಗಾಲ ಸುಂಕ ವಿಧಿಸಲಾಯಿತು. ಆರ್–134ಎ ಅನಿಲದ ಗುಣಾಂಕ 1,300. ಹೀಗಾಗಿ ಕಿಲೋಗೆ 29.90 ಡಾಲರ್. ಅಂಗಡಿ ಮತ್ತು ಶೈತ್ಯಾಗಾರಗಳಲ್ಲಿ ಬಳಸುವ ಆರ್–404ಎ ಅನಿಲದ ಗುಣಾಂಕ 3,260. ಕಿಲೋಗೆ ಸುಮಾರು 75 ಡಾಲರ್. ಹತ್ತು ಕಿಲೋ ಅನಿಲ ಸೋರಿಹೋದರೆ ಸುಂಕವೇ 750 ಡಾಲರ್. ಮಾಂಸದಂಗಡಿಯವನ, ಮೀನು ವ್ಯಾಪಾರಿಯ ಪಾಲಿಗೆ ಇಂಗಾಲ ಬೆಲೆ ಎಂದರೆ ಇದೇ. ಸೋರಿಕೆಯನ್ನು ತಡೆಗಟ್ಟುವುದಕ್ಕೂ ಹಳೆಯ ಅನಿಲವನ್ನು ಹಿಡಿದು ಮರುಬಳಕೆ ಮಾಡುವುದಕ್ಕೂ ಮೊದಲ ಬಾರಿಗೆ ಒಂದು ಬೆಲೆ ಬಂದದ್ದೂ ಇದರಿಂದಲೇ.

ಭವಿಷ್ಯವಾಣಿಗಳು ಮತ್ತು ಪರಿಣಾಮ

ರಾಜಕೀಯ ಚರ್ಚೆ ಈ ವಿವರಗಳ ಗೋಜಿಗೆ ಹೋಗಲಿಲ್ಲ. ದಕ್ಷಿಣ ಆಸ್ಟ್ರೇಲಿಯದ ಉಕ್ಕಿನ ಊರಾದ ವೈಯಲ್ಲ ನಕ್ಷೆಯಿಂದಲೇ ಅಳಿಸಿಹೋಗುತ್ತದೆ ಎಂದು ಅಬಟ್ ಹೇಳಿದರು. ಭಾನುವಾರದ ಮಾಂಸದೂಟಕ್ಕೆ ನೂರು ಡಾಲರ್ ಆಗುತ್ತದೆ ಎಂದು ನ್ಯಾಷನಲ್ ಪಕ್ಷದ ಬಾರ್ನಬಿ ಜಾಯ್ಸ್ ಹೇಳಿದರು. ಎರಡೂ ಆಗಲಿಲ್ಲ. 2013ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆ ಶೇ. 2.4 ಮಾತ್ರ. ವೈಯಲ್ಲದ ಉಕ್ಕು ಕಂಪನಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿದ್ದು 2016ರ ಏಪ್ರಿಲ್‌ನಲ್ಲಿ, ಇಂಗಾಲ ಬೆಲೆ ರದ್ದಾಗಿ ಹತ್ತಿರಹತ್ತಿರ ಎರಡು ವರ್ಷಗಳಾದ ಮೇಲೆ. ಕಾರಣ ಉಕ್ಕು ಮತ್ತು ಅದಿರಿನ ಬೆಲೆಕುಸಿತ ಮತ್ತು ಸಾಲದ ಹೊರೆ.

ಹಾಗೆಂದು ಸರ್ಕಾರದ ವಾದವೂ ಸಂಪೂರ್ಣ ನಿರ್ದೋಷವಾಗಿರಲಿಲ್ಲ. ಯುರೋಪಿನ ಪರವಾನಗಿ ಬೆಲೆ 2013ರಲ್ಲಿ ಟನ್ನಿಗೆ ಐದು ಯೂರೋಗಿಂತ ಕೆಳಗೂ ಇಳಿದಿತ್ತು. ಅಂತಹ ವೇಳೆಯಲ್ಲಿ 23 ಡಾಲರ್ ನಿಗದಿತ ದರವನ್ನು ಜಗತ್ತಿನ ಪೇಟೆಗೆ ಅನುಗುಣವಾದುದೆಂದು ಸಮರ್ಥಿಸುವುದು ಸುಲಭವಾಗಿರಲಿಲ್ಲ. ಪೇಟೆ ದರಕ್ಕೆ ಒಂದು ವರ್ಷ ಮೊದಲೇ ಹೋಗುವುದಾಗಿ ಲೇಬರ್ ಸರ್ಕಾರವೇ 2013ರ ಜುಲೈನಲ್ಲಿ ಘೋಷಿಸಬೇಕಾಯಿತು. ಹೊರಸೂಸುವಿಕೆಯ ಮೇಲಿನ ಪರಿಣಾಮದ ಬಗ್ಗೆ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಅಧ್ಯಯನವು ಎರಡು ವರ್ಷಗಳಲ್ಲಿ ವಿದ್ಯುತ್ ರಂಗದಲ್ಲಿ 1.1ರಿಂದ 1.7 ಕೋಟಿ ಟನ್ ಇಳಿಕೆಗೆ ಈ ಬೆಲೆ ಕಾರಣವೆಂದು ಅಂದಾಜಿಸಿತು. ಅಲ್ಪಾವಧಿಗೆ ಅದು ಕಡೆಗಣಿಸುವ ಫಲವಲ್ಲ.

ರದ್ದಾದ ಮೇಲೆ

2013ರ ಸೆಪ್ಟೆಂಬರ್ ಚುನಾವಣೆಯಲ್ಲಿ ಅಬಟ್ ಗೆದ್ದರು. ರದ್ದತಿ ಶಾಸನದಲ್ಲಿ ಒಂದು ವಿಶೇಷ ನಿಯಮವಿತ್ತು. ವಿದ್ಯುತ್, ಅನಿಲ ಮತ್ತು ಶೀತಲೀಕರಣ ಅನಿಲದ ಪೂರೈಕೆದಾರರು ಉಳಿತಾಯವನ್ನು ಗಿರಾಕಿಗೆ ದಾಟಿಸಲೇಬೇಕು. ತಪ್ಪಿದರೆ ದಾಟಿಸದ ಮೊತ್ತದ ಶೇ. 250ರಷ್ಟು ದಂಡ. 2014ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ವಿದ್ಯುತ್ ದರ ಶೇ. 5.1 ಇಳಿಯಿತು. ಏರಿದಾಗ ಶೇ. 15.3, ಇಳಿದಾಗ ಶೇ. 5.1 ಎಂಬುದನ್ನು ಗಮನಿಸಿದ ಅಂಗಡಿಕಾರರು ಹಲವರಿದ್ದಿರಬೇಕು.

ಇಳಿಕೆಯೂ ಬಹುಕಾಲ ನಿಲ್ಲಲಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಸಗಟು ವಿದ್ಯುತ್ ದರ 2014–15ರಲ್ಲಿ ಸಾವಿರ ಯೂನಿಟ್ಟಿಗೆ ಸುಮಾರು 35 ಡಾಲರ್ ಇದ್ದುದು 2016–17ರಲ್ಲಿ 80 ಡಾಲರ್ ಮುಟ್ಟಿ ದಾಟಿತು. ಈ ಏರಿಕೆ ಇಂಗಾಲ ಬೆಲೆ ತಂದಿದ್ದ ಏರಿಕೆಯ ಸುಮಾರು ಇಮ್ಮಡಿ. ಕ್ವೀನ್ಸ್‌ಲ್ಯಾಂಡ್‌ನ ಗ್ಲ್ಯಾಡ್‌ಸ್ಟನ್ ಬಂದರಿನಿಂದ ದ್ರವೀಕೃತ ನೈಸರ್ಗಿಕ ಅನಿಲ ರಫ್ತಾಗಲಾರಂಭಿಸಿ ದೇಶೀಯ ಅನಿಲದ ಬೆಲೆ ಹಾರಿತು. ವಿಕ್ಟೋರಿಯದ 1,600 ಮೆಗಾವಾಟ್ ಸಾಮರ್ಥ್ಯದ ಹೇಜಲ್‌ವುಡ್ ಸ್ಥಾವರ ಕೇವಲ ಐದು ತಿಂಗಳ ಮುನ್ಸೂಚನೆ ನೀಡಿ 2017ರ ಮಾರ್ಚ್‌ನಲ್ಲಿ ಮುಚ್ಚಿತು. ಮುಚ್ಚುವ ಸ್ಥಾವರಗಳ ಜಾಗದಲ್ಲಿ ಹೊಸದನ್ನು ಕಟ್ಟಲು ಹೂಡಿಕೆದಾರರು ಹಿಂಜರಿದರು. ಇಂದು ಬೆಲೆ, ನಾಳೆ ರದ್ದು, ನಾಡಿದ್ದು ಏನೋ ಎಂಬ ಸ್ಥಿತಿಯಲ್ಲಿ ಮೂವತ್ತು ವರ್ಷದ ಬಂಡವಾಳ ಹೂಡುವವರು ಯಾರು? 2017ರ ಜೂನ್‌ನಲ್ಲಿ ಮುಖ್ಯ ವಿಜ್ಞಾನಿ ಅಲನ್ ಫಿಂಕಲ್ ಅವರ ವರದಿ ಈ ನೀತಿ ಅನಿಶ್ಚಿತತೆಯನ್ನೇ ಎತ್ತಿ ತೋರಿಸಿತು. ಅವರ ಮುಖ್ಯ ಶಿಫಾರಸನ್ನು ಸರ್ಕಾರ ಸ್ವೀಕರಿಸಲಿಲ್ಲ. 2018ರ ಆಗಸ್ಟ್‌ನಲ್ಲಿ ಮತ್ತೊಂದು ಇಂಧನ ನೀತಿಯ ಜಗಳದಲ್ಲಿ ಟರ್ನ್‌ಬುಲ್ ಎರಡನೆಯ ಬಾರಿ ನಾಯಕತ್ವ ಕಳೆದುಕೊಂಡರು. ಈ ಸಲ ಪ್ರಧಾನಿ ಪದವಿಯೊಡನೆ.

ಇಂಗಾಲ ಬೆಲೆಯಿಂದ ಏರಿದ ಯೂನಿಟ್ ದರದ ಹಣ ಖಜಾನೆಗೆ ಹೋಗಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳಿಗೆ ಮರಳುವ ಏರ್ಪಾಡಿತ್ತು. 2017ರ ಏರಿಕೆಯ ಹಣ ಯಾವ ಖಜಾನೆಗೂ ಹೋಗಲಿಲ್ಲ. ಯಾರಿಗೂ ಪರಿಹಾರವಾಗಿ ಮರಳಲಿಲ್ಲ. ಅದಕ್ಕೆ ತೆರಿಗೆ ಎಂಬ ಹೆಸರಿಲ್ಲದ ಕಾರಣ ಯಾವ ಚುನಾವಣೆಯೂ ಅದರ ಮೇಲೆ ನಡೆಯಲಿಲ್ಲ.

ವಾಣಿಜ್ಯ ಸಂಘಟನೆಗಳ ನಿಲುವು ಬದಲಾದ ಪರಿ ಇಲ್ಲಿ ಉಲ್ಲೇಖನೀಯ. 2011ರಲ್ಲಿ ಆಸ್ಟ್ರೇಲಿಯದ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ ಹಾಗೂ ಗಣಿ ಮಂಡಳಿ ಇಂಗಾಲ ತೆರಿಗೆಯ ವಿರುದ್ಧ ಜಾಹೀರಾತು ಆಂದೋಲನದಲ್ಲಿ ಕೈಜೋಡಿಸಿದ್ದವು. ದೊಡ್ಡ ಕಂಪನಿಗಳ ಸಂಘಟನೆಯಾದ ಬಿಸಿನೆಸ್ ಕೌನ್ಸಿಲ್, ಲೇಬರ್ ಪಕ್ಷದ ಶೇ. 45 ಇಳಿಕೆಯ ಗುರಿಯನ್ನು 2018ರಲ್ಲಿ ಆರ್ಥಿಕತೆಗೆ ವಿನಾಶಕಾರಿ ಎಂದು ಕರೆದು, 2021ರಲ್ಲಿ ಶೇ. 46–50ರ ಗುರಿಯನ್ನು ತಾನೇ ಪ್ರತಿಪಾದಿಸಿತು. ಮೂರು ವರ್ಷಗಳಲ್ಲಿ ವಿಜ್ಞಾನವೇನೂ ಬದಲಾಗಿರಲಿಲ್ಲ. ಸಾಲ ಕೊಡುವವರ ಮತ್ತು ಸರಕು ಕೊಳ್ಳುವ ದೇಶಗಳ ಬೇಡಿಕೆ ಬದಲಾಗಿತ್ತು.

ಹೆಸರಿಲ್ಲದೆ ಮರಳಿದ ಬೆಲೆ

ಅಬಟ್ ಸರ್ಕಾರ ತೆರಿಗೆಯ ಬದಲು 255 ಕೋಟಿ ಡಾಲರಿನ ನಿಧಿ ಸ್ಥಾಪಿಸಿತು. ಹೊರಸೂಸುವಿಕೆ ತಗ್ಗಿಸುವವರಿಗೆ ಸರ್ಕಾರವೇ ಹರಾಜಿನ ಮೂಲಕ ಹಣ ಕೊಡುವ ಕ್ರಮ ಅದು. 2015ರ ಏಪ್ರಿಲ್‌ನ ಮೊದಲ ಹರಾಜಿನಲ್ಲಿ ಸರಾಸರಿ ದರ ಟನ್ನಿಗೆ 13.95 ಡಾಲರ್. ಅಂದರೆ ಬೆಲೆ ಇದ್ದೇ ಇತ್ತು. ತೆರುವವನು ಮಾಲಿನ್ಯಕಾರನಾಗಿರದೆ ಸಾಮಾನ್ಯ ತೆರಿಗೆದಾರನಾಗಿದ್ದ. ಇದರ ಜೊತೆಗೆ 2016ರ ಜುಲೈನಿಂದ, ವರ್ಷಕ್ಕೆ ಒಂದು ಲಕ್ಷ ಟನ್‌ಗಿಂತ ಹೆಚ್ಚು ಹೊರಬಿಡುವ ಘಟಕಗಳಿಗೆ ಮಿತಿ ಹೇರುವ ರಕ್ಷಣಾ ವ್ಯವಸ್ಥೆಯೂ ಬಂತು. ಮಿತಿಗಳು ಎಷ್ಟು ಸಡಿಲವಾಗಿದ್ದವೆಂದರೆ ಅವು ಯಾರನ್ನೂ ಹೆಚ್ಚಾಗಿ ಬಾಧಿಸಲಿಲ್ಲ.

2022ರಲ್ಲಿ ಅಧಿಕಾರಕ್ಕೆ ಬಂದ ಆಂಥನಿ ಆಲ್ಬನೀಸ್ ಅವರ ಲೇಬರ್ ಸರ್ಕಾರ ಹೊಸ ಶಾಸನಕ್ಕೆ ಕೈಹಾಕದೆ ಎದುರಾಳಿಗಳು ಕಟ್ಟಿದ ಈ ವ್ಯವಸ್ಥೆಯನ್ನೇ ಬಿಗಿಗೊಳಿಸಿತು. 2023ರ ಜುಲೈನಿಂದ ಸುಮಾರು 215 ಘಟಕಗಳ ಮಿತಿ ವರ್ಷಕ್ಕೆ ಶೇ. 4.9ರಂತೆ ಇಳಿಯತೊಡಗಿತು. ಮಿತಿ ಮೀರಿದವರು ಪೇಟೆಯಲ್ಲಿ ಜಮಾ ಪತ್ರಗಳನ್ನು ಕೊಳ್ಳಬೇಕು. ಮಿತಿಗಿಂತ ಕೆಳಗಿಳಿದವರಿಗೆ ಜಮಾ ಪತ್ರ ಸಿಗುತ್ತದೆ. ಸರ್ಕಾರದಿಂದ ಕೊಳ್ಳಬಹುದಾದ ಪತ್ರದ ಗರಿಷ್ಠ ದರ ಆರಂಭದಲ್ಲಿ 75 ಡಾಲರ್. ಇದು ಇಂಗಾಲದ ಬೆಲೆಯೇ. ಆದರೆ ವಿದ್ಯುತ್ ಸ್ಥಾವರಗಳು ಈ ಇಳಿಯುವ ಮಿತಿಯಿಂದ ಹೊರಗಿರುವುದರಿಂದ ಬೇಕರಿಯ ಬಿಲ್ಲಿನಲ್ಲಿ ಅದು ಕಾಣಿಸುವುದಿಲ್ಲ. ಈ ಸಲ ಗ್ರೀನ್ಸ್ ಪಕ್ಷ ಒಟ್ಟು ಹೊರಸೂಸುವಿಕೆಗೆ ಕಟ್ಟುನಿಟ್ಟಿನ ಮಿತಿ ಸೇರಿಸಿಕೊಂಡು ಪರವಾಗಿ ಮತ ನೀಡಿತು. 2009ರ ಪಾಠ ಎಂದು ಹಲವರು ಅದನ್ನು ವ್ಯಾಖ್ಯಾನಿಸಿದರು.

ಭಾರತದ ಉದ್ದಿಮೆದಾರರಿಗೆ ಈ ಕಥೆ ಪೂರಾ ಪರಕೀಯವೇನಲ್ಲ. ರಡ್ ಪದಚ್ಯುತರಾದ ಮರುವಾರವೇ, 2010ರ ಜುಲೈ 1ರಂದು, ಭಾರತ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಶುದ್ಧ ಇಂಧನ ಸೆಸ್ ಹಾಕಿತು. 2016ರ ವೇಳೆಗೆ ಅದು 400 ರೂಪಾಯಿಗೆ ಏರಿತ್ತು. ಒಂದು ಟನ್ ಕಲ್ಲಿದ್ದಲಿನಿಂದ ಸುಮಾರು ಒಂದೂವರೆ ಟನ್ ಇಂಗಾಲದ ಡೈ ಆಕ್ಸೈಡ್ ಎಂದು ಹಿಡಿದರೆ, ಅದು ಟನ್ನಿಗೆ 260 ರೂಪಾಯಿಗೂ ಮಿಕ್ಕ ಇಂಗಾಲ ಬೆಲೆ. ಅದರಿಂದ ಯಾವ ಸರ್ಕಾರವೂ ಬೀಳಲಿಲ್ಲ; ಹೆಚ್ಚಿನವರಿಗೆ ಅದು ಗೊತ್ತೂ ಆಗಲಿಲ್ಲ. ಸರಕು ಮತ್ತು ಸೇವಾ ತೆರಿಗೆ ಬಂದಾಗ ಪರಿಹಾರ ಸೆಸ್ ಆಗಿ ರೂಪಾಂತರಗೊಂಡ ಈ ಬಾಬು, 2025ರ ಸೆಪ್ಟೆಂಬರಿನಲ್ಲಿ ಕಲ್ಲಿದ್ದಲಿನ ಮೇಲಿನ ತೆರಿಗೆ ಶೇ. 5ರಿಂದ 18ಕ್ಕೆ ಏರಿದಾಗ ಕೊನೆಗೊಂಡಿತು. ಇನ್ನೊಂದೆಡೆ, 2026ರ ಜನವರಿ 1ರಿಂದ ಯುರೋಪಿನ ಒಕ್ಕೂಟದ ಗಡಿ ಇಂಗಾಲ ಶುಲ್ಕ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮುಂತಾದವುಗಳ ಮೇಲೆ ಜಾರಿಯಲ್ಲಿದೆ. ಉಕ್ಕಿನ ಬೋಲ್ಟು, ನಟ್ಟು, ತಿರುಪುಗಳೂ ಆ ಪಟ್ಟಿಯಲ್ಲಿವೆ ಎಂಬುದನ್ನು ಅವುಗಳನ್ನು ರಫ್ತು ಮಾಡುವ ಸಣ್ಣ ಘಟಕಗಳು ಗಮನಿಸಬೇಕು. ಶುಲ್ಕ ಕಟ್ಟುವವನು ಅಲ್ಲಿನ ಆಮದುದಾರ; ಆದರೆ ಟನ್ನಿಗೆ ಎಷ್ಟು ಇಂಗಾಲ ಎಂಬ ಲೆಕ್ಕ ಕೇಳಿ ಪತ್ರ ಬರುವುದು ಇಲ್ಲಿನ ತಯಾರಕನಿಗೆ.

ಆಸ್ಟ್ರೇಲಿಯದಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ 2035ರ ವೇಳೆಗೆ 2005ರ ಮಟ್ಟಕ್ಕಿಂತ ಶೇ. 62ರಿಂದ 70ರಷ್ಟು ಇಳಿಕೆಯ ಗುರಿ ಪ್ರಕಟಿಸಿತು. ಅದೇ ವರ್ಷದ ನವೆಂಬರಿನಲ್ಲಿ ನ್ಯಾಷನಲ್ ಮತ್ತು ಲಿಬರಲ್ ಪಕ್ಷಗಳೆರಡೂ 2050ರ ಶೂನ್ಯ ಹೊರಸೂಸುವಿಕೆಯ ಬದ್ಧತೆಯನ್ನು ಕೈಬಿಟ್ಟವು. ಬಿಗಿಗೊಂಡ ಮಿತಿ ವ್ಯವಸ್ಥೆಯ ಪುನರ್ವಿಮರ್ಶೆಗೆ ನಿಗದಿಯಾಗಿರುವ ಅವಧಿ 2026–27. ಮುಂದಿನ ಐದು ವರ್ಷಕ್ಕೆ ವಿದ್ಯುತ್ ಮತ್ತು ಕಚ್ಚಾ ಸಾಮಗ್ರಿಯ ಒಪ್ಪಂದಕ್ಕೆ ಸಹಿ ಹಾಕಬೇಕಾದ ಅಲ್ಲಿನ ತಯಾರಕರು ಆ ವರದಿ ಹೊರಬರುವವರೆಗೆ ಕಾಯುವಂತಿಲ್ಲ.